ಜಟಗನ ಕ್ವಾರ್ಟರು

ವರ್ಷಕ್ಕೊಂದು ಸಲ ಗಂಗಿ ವೈನ್ ಶಾಪಿನ ಮುಂದೆ ನಿಲ್ಲುತ್ತಾಳೆ. ಆ ಒಂದು ಸಲಕ್ಕೇ ಅವಳಿಗೆ ವರ್ಷಕ್ಕಾಗುವಷ್ಟು ಸಿಟ್ಟು ಬರುತ್ತದೆ. ಹೊನ್ನಾವರದ ಮೀನು ಪೇಟೆಯಲ್ಲಿ ಮೂವತ್ತು ವರ್ಷ ಬುಟ್ಟಿ ಇಟ್ಟು ಕೂತವಳು ಅವಳು, ಹಳದೀಪುರದ ಮನೆಮನೆಗೆ ಬಂಗಡೆ ಹೊತ್ತವಳು. ಬಾಯಿಗೆ ಬಾಯಿ ಕೊಡಲು ನಿಂತಳೆಂದರೆ ಎಂಥಾ ಗಂಡಸೂ ಎರಡು ಹೆಜ್ಜೆ ಹಿಂದೆ ಸರಿಯಬೇಕು. ಅಂಥವಳು ಹಾಡುಹಗಲಿನಲ್ಲಿ ತಲೆ ತುಂಬ ಸೆರಗು ಹೊದ್ದು, ಆಗಲೇ ಕಣ್ಣು ಕೆಂಪಾದ ಗಂಡಸರ ಬೆನ್ನಿಗೆ ನಿಂತು, ಕಬ್ಬಿಣದ ಜಾಲರಿಯ ತೂತಿನೊಳಗೆ ಕೈ ತೂರಿಸಬೇಕು ಅಂದರೆ ಹೇಗಾಗಿರಬೇಡ!

“ಎಂತ ಗಂಗಕ್ಕ, ಈ ವರ್ಷವೂ ಜಟಗಂಗೇ ಅಲ್ದಾ? ಜಟಗನ ಹೆಸರು ಹೇಳಿ ನೀನೇ ಒಂದು ಗುಟುಕು ಹಾಕೂದಿಲ್ಲ ಅಂತ ಯಾರು ಕಂಡವ್ರು?” ಎಂದ ಸಾಲಿನಲ್ಲಿದ್ದ ಒಬ್ಬ.

“ನಿನ್ನ ಬಾಯಿಗೆ ಕೊಳೆತ ತಾರ್ಲೆ ಮೀನು ತುರುಕ್ತೆ ನೋಡು! ಸರಿ ಆಚೆ, ನಾಚಿಕೆ ಇಲ್ಲದವ್ನೆ. ಹೆಂಡತಿ ಮಕ್ಕಳಿಗೆ ಗಂಜಿ ಇಟ್ಟು ಬಂದಿದ್ಯಾ ಇಲ್ಯಾ ಅದು ಹೇಳು ಮೊದಲು” ಎಂದಳು ಗಂಗಿ. ಸಾಲು ನಕ್ಕಿತು. ಅವನು ಸರಿದ. ಗಂಗಿ ದುಡ್ಡು ಚಾಚಿ, “ಒಂದು ಕ್ವಾರ್ಟರು ಬ್ರಾಂಡಿ. ರಟ್ಟಿನ ಪೊಟ್ಟಣ ಬೇಡ, ಗಾಜಿನ ಬಾಟಲಿಯೇ ಬೇಕು. ಸೀಲು ಒಡೆದಿರಬಾರದು” ಎಂದು ಗದರುವ ದನಿಯಲ್ಲೇ ಹೇಳಿ ತೆಗೆದುಕೊಂಡಳು. ಎಲೆ, ಅಡಿಕೆ, ಒಂದು ದಾಸವಾಳದ ಹೂವಿನ ಜೊತೆ ಅದನ್ನು ಬಾಳೆ ಎಲೆಯಲ್ಲಿ ಸುತ್ತಿ ಚೀಲಕ್ಕೆ ಹಾಕಿದಳು.

ಈ ಬಾಟಲಿಯ ಸಂಗತಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಶರಾವತಿ ಹೊಳೆ ಸಮುದ್ರ ಸೇರುವ ಬಾಯಿಗೆ ಅಳಿವೆ ಅನ್ನುತ್ತಾರೆ. ಹೊನ್ನಾವರದ ಅಳಿವೆ ಒಳ್ಳೆಯದಲ್ಲ. ಅದರ ಅಡಿಯ ಹೂಳು ಇಂದು ಇದ್ದಲ್ಲಿ ನಾಳೆ ಇರುವುದಿಲ್ಲ, ತೆರೆ ಯಾವ ಕಡೆಯಿಂದ ಎದ್ದು ಬರುತ್ತದೋ ಹೇಳುವವರಿಲ್ಲ. ಅಲ್ಲಿ ದೋಣಿ ದಾಟಿಸುವುದು ತಾಂಡೇಲನ, ಅಂದರೆ ಚುಕ್ಕಾಣಿ ಹಿಡಿದವನ ಕೈಯಲ್ಲಿದೆ. ಮಿಕ್ಕಿದ್ದು ದಡದ ಕಲ್ಲಿನಲ್ಲಿ ಕೂತ ಜಟಗ ದೈವದ ಕೈಯಲ್ಲಿದೆ. ಗಂಗಿಯ ಗಂಡ ಸುಬ್ಬ ಟೊಂಕ ಎಂಬ ಮೀನುಗಾರರ ಕೇರಿಯಲ್ಲೇ ಹೆಸರು ಪಡೆದ ತಾಂಡೇಲ. ಹೆಸರು ಎರಡೂ ಥರದ್ದಿತ್ತು, ಕೈಗೊಂದು, ಕುಡಿತಕ್ಕೊಂದು. ಇಪ್ಪತ್ತಾರು ವರ್ಷದ ಹಿಂದೆ ಒಂದು ಮುಂಜಾನೆ ಹೊಟ್ಟೆ ತುಂಬ ಸಾರಾಯಿ ಹಾಕಿಕೊಂಡು ಅಳಿವೆ ದಾಟಿಸಲು ಹೋಗಿ ದೋಣಿ ಮಗುಚಿದ. ಉಳಿದವರು ಈಜಿ ದಡ ಸೇರಿದರು, ಮಾದೇವ ಸೇರಲಿಲ್ಲ. ಮಾದೇವ ಅಂದರೆ ಗಂಗಿಯ ಬೆನ್ನಿಗೆ ಬಿದ್ದ ತಮ್ಮ.

ಮೂರನೇ ದಿನ ಹೆಣ ಸಿಕ್ಕಿದ ಮೇಲೆ ಸುಬ್ಬ ಸೊಂಟದ ಮಟ್ಟ ನೀರಿನಲ್ಲಿ ನಿಂತು ಜಟಗನಿಗೆ ಮಾತು ಕೊಟ್ಟ. ಇನ್ನು ಬಾಟಲಿ ಮುಟ್ಟುವುದಿಲ್ಲ, ನನ್ನ ಪಾಲಿನದು ನಿನಗೆ, ಮಳೆ ಕಳೆದು ಮೊದಲ ಸಲ ನಿನ್ನನ್ನು ದಾಟುವ ದಿನ ನನ್ನ ಹೆಂಡತಿ ತಂದು ಸುರಿಯುತ್ತಾಳೆ. ನಿನಗೆ ಕೊಡದೆ ದಾಟಿದರೆ ಆ ಪಾಲು ನನಗೇ ತಿರುಗಿ ಬರಲಿ ಅಂದ. ಗಂಗಿ ದಡದಲ್ಲಿ ನಿಂತು ಆ ಮಾತು ಕೇಳಿದ್ದಳು. ಆಗ ನಂಬಿರಲಿಲ್ಲ. ತಮ್ಮನನ್ನು ತಿಂದವನು ಈಗ ದೇವರ ಮುಂದೆ ನಾಟಕ ಆಡುತ್ತಾನೆ ಅಂತ ಹಲ್ಲು ಕಡಿದಿದ್ದಳು. ಆದರೆ ಸುಬ್ಬ ಮುಟ್ಟಲಿಲ್ಲ. ಒಂದು ವರ್ಷ ಆಯಿತು, ಎರಡಾಯಿತು, ಹತ್ತಾಯಿತು. ಮದುವೆಯಲ್ಲಿ ಮುಟ್ಟಲಿಲ್ಲ, ಮೈಕೈ ನೋವಿಗೆ ಮುಟ್ಟಲಿಲ್ಲ. ಮೀನು ದೋಣಿಗೆ ಹೆಂಗಸರು ಹತ್ತುವ ಕ್ರಮ ಇಲ್ಲ; ಅದೊಂದು ದಿನ ಮಾತ್ರ ಗಂಗಿ ಹತ್ತುತ್ತಿದ್ದಳು. ಅವಳು ಹಿಂದಿನ ತುದಿಯಲ್ಲಿ ನಿಂತು, ಗಾಳಿ ನೋಡಿಕೊಂಡು, ಗಂಡನ ಮೂಗಿಗೆ ವಾಸನೆಯೂ ತಾಗದ ಹಾಗೆ ಸುರಿಯುತ್ತಿದ್ದಳು. ಅವನು ಕಣ್ಣು ಮುಂದೆ ನೆಟ್ಟು, “ಆತಾ?” ಎಂದು ಕೇಳುತ್ತಿದ್ದ. ಅವಳು “ಆತು” ಅನ್ನುತ್ತಿದ್ದಳು. ಆಮೇಲೇ ದೋಣಿ ದಾಟುತ್ತಿತ್ತು.

ಈ ವರ್ಷ ದೋಣಿ ಬೇರೆ. ಮಂಡಿ ನೋವಿನಿಂದ ಬಲೆಯ ಕೆಲಸ ಆಗದೆ ಸುಬ್ಬ ಮನೆಯಲ್ಲಿ ಕೂತಾಗ, ಪ್ರವಾಸಿಗರನ್ನು ಹೊಳೆಯಲ್ಲಿ ಸುತ್ತಿಸಿ, ಅಳಿವೆ ದಾಟಿಸಿ, ಸಮುದ್ರದಲ್ಲಿ ಸೂರ್ಯ ಮುಳುಗುವುದನ್ನು ತೋರಿಸಿ ಕರೆತರುವ ಹೊಸ ಕ್ರೂಸು ಬಂತು. ಎರಡು ಮಾಳಿಗೆ, ಬಿಳಿ ಬಣ್ಣ, ಕೆಳಗೆ ಬಾರು, ಮೇಲೆ ಹಾಡು. ಹೊರಗಿನಿಂದ ಬಂದ ಯಾವ ಚಾಲಕನೂ ಆ ಅಳಿವೆಗೆ ಕೈ ಹಾಕಲು ಒಪ್ಪದ ಕಾರಣ ಕಂಪನಿಯವರು ಟೊಂಕಕ್ಕೇ ಬಂದು ಸುಬ್ಬನನ್ನು ಕೇಳಿಕೊಂಡು ಹೋದರು. ಇವತ್ತು ಮಳೆ ಕಳೆದ ಮೇಲಿನ ಮೊದಲ ಯಾತ್ರೆ, ಸಂಜೆ ಐದಕ್ಕೆ.

ವೈನ್ ಶಾಪಿನ ಪಕ್ಕದ ಮೋಟುಗೋಡೆಯ ಮೇಲೆ ನಾಲ್ಕು ಮಂದಿ ತರುಣರು ಎಳನೀರಿನ ಬೊಂಡ ಇಟ್ಟುಕೊಂಡು ಕೂತಿದ್ದರು. ಚಡ್ಡಿ, ಬಿಸಿಲಿಗೆ ಸುಟ್ಟ ಮೂಗು. ಓಂ ಬೀಚಿನಲ್ಲಿ ಎರಡು ದಿನ ಬಿದ್ದುಕೊಂಡು ಬಂದವರು ಅಂತ ಅವರ ಮೈಮೇಲಿನ ಮರಳೇ ಹೇಳುತ್ತಿತ್ತು. ಗಂಗಿ ನಿಂತು ನೋಡಿದಳು. ಒಬ್ಬ ಬೊಂಡಕ್ಕೆ ಸಣ್ಣ ತೂತು ಕೊರೆದು ನೀರು ಬಸಿಯುತ್ತಿದ್ದ, ಇನ್ನೊಬ್ಬ ದನಕ್ಕೆ ಚುಚ್ಚುವಂಥ ದೊಡ್ಡ ಸಿರಿಂಜಿನಲ್ಲಿ ಬಾಟಲಿಯಿಂದ ಎಳೆದು ಅದೇ ತೂತಿಗೆ ತುಂಬುತ್ತಿದ್ದ, ಮೂರನೆಯವನು ಮೇಣ ಒತ್ತಿ ಮುಚ್ಚುತ್ತಿದ್ದ.

“ಕ್ರೂಸಲ್ಲಿ ಒಂದಕ್ಕೆ ಐದು ರೇಟು ಆಂಟಿ” ಎಂದ ನಾಲ್ಕನೆಯವನು, ಅವಳು ಕೇಳದಿದ್ದರೂ.

“ಕುಡಿಯೂಕೆ ಇಷ್ಟು ತಲೆ ಖರ್ಚು ಮಾಡೂದನಾ! ಈ ತಲೆ ಓದಿಗೆ ಹಾಕಿದ್ರೆ ನೀವು ಎಲ್ಲಿರ್ತಿದ್ರಿ ಮಾರಾಯ್ರಾ” ಎಂದು ಬೈದು ಗಂಗಿ ದೋಣಿ ಕಟ್ಟುವ ದಕ್ಕೆಯ ದಾರಿ ಹಿಡಿದಳು. ಅವರಂತೆ ತಾನೂ ಅಡಗಿಸಬೇಕು ಎಂಬ ಯೋಚನೆ ಅವಳಿಗೆ ಬರಲೇ ಇಲ್ಲ. ದೇವರಿಗೆ ಒಯ್ಯುವುದನ್ನು ಯಾರಾದರೂ ಅಡಗಿಸುತ್ತಾರೆಯೇ?

ದಕ್ಕೆಯಲ್ಲಿ ಕ್ರೂಸಿಗೆ ಹತ್ತುವ ಹಲಗೆಯ ಮುಂದೆ ಒಂದು ಮೇಜು, ಲೋಹ ಪತ್ತೆ ಮಾಡುವ ಒಂದು ಚೌಕಟ್ಟು, ಒಬ್ಬ ಕಾವಲಿನವನು. ನಲವತ್ತರ ಆಸುಪಾಸಿನ ಅವನ ಹೆಸರು ರಾಜೀವ, ಭಟ್ಕಳದ ಹತ್ತಿರದ ಹೆಬಳೆಯವನು. ಗಂಗಿ ಸಿಬ್ಬಂದಿ ಕುಟುಂಬದ ಅರ್ಧ ಟಿಕೇಟು ತೋರಿಸಿದಳು.

“ಚೀಲದಲ್ಲಿ ಎಂತದೆ ಅಕ್ಕ?”

“ತೆಂಗಿನಕಾಯಿ, ಎಲೆ, ಅಡಿಕೆ, ಜಟಗನ ಬ್ರಾಂಡಿ” ಎಂದಳು ಗಂಗಿ, ಮೀನು ಪೇಟೆಯ ದನಿಯಲ್ಲಿ. ಹಿಂದೆ ನಿಂತಿದ್ದವರೆಲ್ಲ ಕೇಳಿಸಿಕೊಂಡರು. ರಾಜೀವನ ಮುಖ ಸಣ್ಣಗಾಯಿತು. ಅವನು ಮೇಲೆ ಕಂಬಕ್ಕೆ ಕಟ್ಟಿದ್ದ ಕೆಮರಾ ನೋಡಿದ, ಆಮೇಲೆ ಅವಳನ್ನು ನೋಡಿದ.

“ಅಯ್ಯೋ ಅಕ್ಕ, ಬಾಯಿ ಬಿಟ್ಟು ಹೇಳೂದನಾ? ಸುಮ್ನೆ ಇದ್ದಿದ್ರೆ ಕಂಡೂ ಕಾಣದ ಹಾಗೆ ಬಿಡ್ತಿದ್ದೆ. ನಮ್ಮ ಕಡೆಯೂ ಈ ಕ್ರಮ ಅದೆ, ನಂಗೆ ಗೊತ್ತಿಲ್ಯಾ? ಈಗ ಆ ಕೆಮರಾದಲ್ಲಿ ಮಾತೂ ಹೋತದೆ. ಬಿಟ್ರೆ ನನ್ನ ಕೆಲಸ ಹೋತದೆ” ಎಂದು ಮೆಲ್ಲಗೆ ಹೇಳಿ ಹಿಂದಿನ ಬೋರ್ಡಿನತ್ತ ಕೈ ತೋರಿಸಿದ. ಹೊರಗಿನ ಮದ್ಯ ತರುವಂತಿಲ್ಲ ಎಂದು ದಪ್ಪ ಅಕ್ಷರದಲ್ಲಿತ್ತು. ಅದರ ಕೆಳಗೆ ಇನ್ನೂ ದಪ್ಪ ಅಕ್ಷರದಲ್ಲಿ, ಒಳಗೆ ಎಲ್ಲ ಬಗೆಯ ಮದ್ಯ ದೊರೆಯುತ್ತದೆ ಎಂದಿತ್ತು.

ಗಂಗಿ ಅಕ್ಷರ ಕೂಡಿಸಿಕೊಂಡು ಓದಿದಳು. ಓದಿ ಮುಗಿಸುವಷ್ಟರಲ್ಲಿ ಪಿತ್ತ ನೆತ್ತಿಗೇರಿತ್ತು. “ಅಂದ್ರೆ ಕುಡಿಯೂದು ತಪ್ಪಲ್ಲ. ನಿಮ್ಮ ಹತ್ರ ಕೊಳ್ಳದೇ ಇದ್ರೆ ತಪ್ಪು! ತಮಾ, ಇದು ಕುಡಿಯೂಕೆ ಅಲ್ಲ ಅಂತ ನಿಂಗೆ ಗೊತ್ತದೆ. ನಿಮ್ಮ ಹಡಗು ದಾಟಿಸೂಕೇ ತಂದದ್ದು.”

“ಗೊತ್ತದೆ ಅಕ್ಕ. ಚೀಟಿ ಕಟ್ಟಿ ಇಡ್ತೆ. ವಾಪಸು ಬಂದ ಮೇಲೆ ನಿಂದು ನಿಂಗೆ.”

“ವಾಪಸು ಬಂದ ಮೇಲೆ ಎಂತಕ್ಕೆ? ಜಟಗ ದಕ್ಕೆಗೆ ಬಂದು ಇಸ್ಕಂಡು ಹೋಗ್ತ್ನಾ?”

ರಾಜೀವ ತಲೆ ತಗ್ಗಿಸಿ ಬಾಟಲಿ ತೆಗೆದ. ಹಿಂದಿನವರು ಬೇಗ ಬೇಗ ಅನ್ನುತ್ತಿದ್ದರು. ಹೆಂಗಸೊಬ್ಬಳು, ಈ ವಯಸ್ಸಲ್ಲಿ ಇವರಿಗೂ ಬೇಕಾ ನೋಡು, ಎಂದು ಗಂಡನಿಗೆ ಹೇಳಿದ್ದು ಗಂಗಿಯ ಕಿವಿಗೆ ಬಿತ್ತು. ಆಗಲೇ ಆ ನಾಲ್ವರು ಬೊಂಡ ಎದೆಗೆ ಅಪ್ಪಿಕೊಂಡು ಚೌಕಟ್ಟಿನ ಕೆಳಗೆ ನಡೆದುಹೋದರು. ಯಂತ್ರ ಕಿವುಡಾಗಿ ನಿಂತಿತ್ತು. “ಅದರಲ್ಲಿ ಎಂತದೆ ಕೇಳು! ಅದನ್ನ ಕೇಳು ತಮಾ!” ಎಂದು ಗಂಗಿ ಕೂಗಿದಳು. ರಾಜೀವ ಬೊಂಡ ನೋಡಿದ, ಬೋರ್ಡು ನೋಡಿದ. ಬೊಂಡ ತರಬಾರದು ಅಂತ ಎಲ್ಲೂ ಬರೆದಿಲ್ಲ ಅಕ್ಕ, ಎಂದ. ಎಂಥಾ ನ್ಯಾಯ ನೋಡಿ. ಕದ್ದವನ ಚೀಲಕ್ಕೆ ದಾರಿ, ಹೇಳಿದವಳ ಚೀಲಕ್ಕೆ ಚೀಟಿ!

ಚಾಲಕನ ಕೋಣೆ ಮೇಲಿನ ಮಾಳಿಗೆಯ ಮುಂಭಾಗದಲ್ಲಿತ್ತು. ಕಡಿದಾದ ಮೆಟ್ಟಿಲು ಹತ್ತಿ ಗಂಗಿ ಬಾಗಿಲಲ್ಲಿ ನಿಂತಾಗ ಸುಬ್ಬ ಕಂಪನಿ ಕೊಟ್ಟ ಬಿಳಿ ಅಂಗಿಯಲ್ಲಿ, ಬಿಳಿ ಟೊಪ್ಪಿಯಲ್ಲಿ, ಯಾರದೋ ಮದುವೆಗೆ ಹೊರಟವನ ಹಾಗೆ ನಿಂತಿದ್ದ. ಅವಳ ಮುಖ ಕಂಡದ್ದೇ ನಗು ಹೋಯಿತು.

“ತರ್ಲಿಲ್ಯಾ?”

“ತಂದಿದ್ದೆ. ಕಸ್ಕಂಡ್ರು.”

ಸುಬ್ಬ ಎರಡೂ ಕೈಯಲ್ಲಿ ಚುಕ್ಕಾಣಿಯ ಚಕ್ರ ಹಿಡಿದುಕೊಂಡ. ಹಡಗು ಇನ್ನೂ ದಕ್ಕೆ ಬಿಟ್ಟಿರಲಿಲ್ಲ. “ಗಂಗಿ, ಅಳಿವೆಗೆ ಅರ್ಧ ತಾಸು ಅದೆ. ಉಬ್ಬರ ಇಳಿಯೂಕೆ ಮೊದಲು ದಾಟಬೇಕು. ನೀ ಎಂತಾದ್ರೂ ಮಾಡು. ಕೊಡದೆ ದಾಟಿದ್ರೆ ಎಂತಾತದೆ ಅಂತ ನಿಂಗೆ ಗೊತ್ತದೆ. ಜಟಗ ದೋಣಿ ಮಗುಚ್ತ್ನಾ ಇಲ್ಯಾ, ಆ ಹೆದರಿಕೆ ನಂಗಿಲ್ಲ. ನಂಗೆ ಹೆದರಿಕೆ ನನ್ದೇ, ಆ ಪಾಲು ನಂಗೇ ತಿರುಗಿ ಬತ್ತದೆ.”

“ಸುಮ್ನಿರು. ಎಂತ ಆಗೂದಿಲ್ಲ. ನಾ ಇದ್ದೆ” ಎಂದಳು ಗಂಗಿ. ಇಪ್ಪತ್ತಾರು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದದ್ದು ಇದಕ್ಕೇನಾ? ಬಾಳಿನಲ್ಲಿ ಅವಳು ಗೆದ್ದದ್ದು ಅಂತ ಇದ್ದರೆ ಇದೊಂದೇ: ತಮ್ಮನನ್ನು ಕಳೆದ ಮನೆಯಲ್ಲಿ ಗಂಡನನ್ನು ಉಳಿಸಿಕೊಂಡದ್ದು.

ಹಡಗು ಹೊರಟಿತು. ಸೇತುವೆ ಹಿಂದಾಯಿತು, ಕಾಂಡ್ಲಾ ಗಿಡದ ಹಸಿರು ಎರಡೂ ಕಡೆ ಸರಿಯತೊಡಗಿತು. ಜನ ಫೋಟೋ ತೆಗೆಯುತ್ತಿದ್ದರು. ಗಂಗಿ ಕೆಳಗಿಳಿದು ನೇರ ಬಾರಿಗೆ ಹೋದಳು. ಸೀಲು ಒಡೆಯದ ಬಾಟಲಿಗಳು ಗೋಡೆಯುದ್ದಕ್ಕೂ ಸಾಲಾಗಿ ನಿಂತಿದ್ದವು. ಒಂದು ಕೊಡು, ದುಡ್ಡು ಅದೆ, ಎಂದಳು. ಬಾರಿನವನು ಬದಿಗೆ ನೋಡಿದ. ಬದಿಯಲ್ಲಿ ಮ್ಯಾನೇಜರ್ ಗುರುದತ್ತ ನಿಂತಿದ್ದ. ಕುಮಟೆಯವನು, ಅಜ್ಜನ ಕಾಲದಿಂದ ದೋಣಿಗಳಿಗೆ ಸಾಲ ಕೊಟ್ಟು ಮೀನು ಎತ್ತುತ್ತಿದ್ದ ಮನೆತನ. ಕೊರಳಿಗೊಂದು ಪಟ್ಟಿ, ಪಟ್ಟಿಗೊಂದು ಗುರುತು ಚೀಟಿ.

“ಏನಮ್ಮ, ಬಾಗಿಲಲ್ಲಿ ಗಲಾಟೆ ಮಾಡಿದವರು ನೀವೇ ತಾನೆ? ಇಲ್ಲಿ ಬಾಟಲಿ ಮಾರುವುದಿಲ್ಲ, ಪೆಗ್ಗಿನ ಲೆಕ್ಕ. ಇಲ್ಲೇ ಕೂತು ಕುಡಿಯಬೇಕು. ಗ್ಲಾಸು ಹೊರಗೆ ಒಯ್ಯುವ ಹಾಗಿಲ್ಲ. ಅದೂ ಅಲ್ಲದೆ, ಸಿಬ್ಬಂದಿಯ ಮನೆಯವರಿಗೆ ಬಾರಿನಲ್ಲಿ ಕೊಡುವುದಿಲ್ಲ.”

“ಒಡೆಯಾ, ನಂಗೆ ಕುಡಿಯೂಕೆ ಅಲ್ಲ. ಅಳಿವೆಗೆ ಬಿಡೂಕೆ. ನೀವು ಕುಮಟೆಯವ್ರು, ನಿಮಗೆ ಗೊತ್ತಿಲ್ದ ಕ್ರಮವಾ? ನಿಮ್ಮ ಅಜ್ಜನ ದುಡ್ಡಿನ ದೋಣಿಯೂ ಹೀಂಗೇ ದಾಟಿದ್ದಲ್ದಾ?”

“ಹೊಳೆಗೆ ಏನನ್ನೂ ಚೆಲ್ಲುವ ಹಾಗಿಲ್ಲ. ಪರಿಸರ ಅಂತ ಒಂದಿದೆ.”

ಅವನು ಹಾಗೆ ಹೇಳುವ ಹೊತ್ತಿಗೇ ಕಿಟಕಿಯ ಹೊರಗೆ ಹಡಗಿನ ಅಡುಗೆಮನೆಯ ಕೊಳವೆಯಿಂದ ಎಣ್ಣೆ ಜಿಡ್ಡಿನ ನೀರು ಧೋ ಎಂದು ಹೊಳೆಗೆ ಬೀಳುತ್ತಿತ್ತು. ಗಂಗಿ ಅದನ್ನು ನೋಡಿದಳು, ಅವನನ್ನು ನೋಡಿದಳು. “ಕುಡಿದ್ರೆ ಸೈ, ಚೆಲ್ಲಿದ್ರೆ ತಪ್ಪು! ಎಲ್ಲಿಯ ಕಾನೂನು ಸ್ವಾಮಿ ಇದು? ಹೊಟ್ಟೆಗೆ ಹಾಕ್ಕಂಡು ಅದೇ ಹೊಳೆಗೆ ಕಾರುವವ್ರನ್ನ ಕೇಳೂದಿಲ್ಲ ನೀವು!” ಗುರುದತ್ತ ಕೈ ಬೀಸಿ ಅವಳನ್ನು ಕಳಿಸಿದ, ನೊಣ ಓಡಿಸಿದ ಹಾಗೆ.

ಮೆಟ್ಟಿಲ ಹತ್ತಿರ ಆ ನಾಲ್ವರು ತರುಣರು ಬೊಂಡಕ್ಕೆ ಸ್ಟ್ರಾ ಹಾಕಿಕೊಂಡು ಕೂತಿದ್ದರು. ಆಗಲೇ ಎಲ್ಲರಿಗೂ ಎಲ್ಲರ ಮೇಲೂ ಪ್ರೀತಿ ಉಕ್ಕಿತ್ತು. ಗೋಡೆಯ ಹತ್ತಿರ ಮಾತಾಡಿಸಿದವನು ಎದ್ದು, “ಆಂಟಿ, ನಾವು ಕೇಳಿಸ್ಕೊಂಡ್ವಿ. ಅವನು ಕೊಡದಿದ್ರೆ ಬಿಡಿ, ನಮ್ದು ತಗೊಳ್ಳಿ, ನಿಮ್ಮ ದೇವ್ರಿಗೆ ನಮ್ಮ ಕಡೆಯಿಂದ” ಎಂದು ತನ್ನ ಬೊಂಡವನ್ನೇ ಚಾಚಿದ.

ಗಂಗಿಯ ಕೈ ಅರ್ಧ ಮುಂದೆ ಹೋಯಿತು. ಸ್ಟ್ರಾದ ತುದಿಯಲ್ಲಿ ಹಲ್ಲಿನ ಗುರುತಿತ್ತು. “ಎಂಜಲು ಮಾಡಿದ್ಯಲ್ಲ ತಮಾ. ಎಂಜಲು ಹ್ಯಾಂಗೆ ಕೊಡೂದು ದೇವ್ರಿಗೆ?” ಎಂದಳು. ಅವನು ನಾಲ್ಕೂ ಬೊಂಡ ನೋಡಿದ, ಎಲ್ಲವೂ ಎಂಜಲೇ. ಪಾಪ, ಅವನ ಕಣ್ಣಲ್ಲಿ ನೀರೇ ಬಂತು. ದಕ್ಕೆ ಬಿಟ್ಟ ಮೇಲೆ ಅವಳ ಜೊತೆ ಮನುಷ್ಯರ ಹಾಗೆ ಮಾತಾಡಿದವನು ಕುಡಿದವನೊಬ್ಬನೇ ಅಂತ ಗಂಗಿಗೆ ಮತ್ತಷ್ಟು ಸಿಟ್ಟು ಬಂತು.

ಆಗಲೇ ಎಂಜಿನಿನ ಸದ್ದು ಇಳಿಯಿತು. ಮುಂದೆ ಅಳಿವೆ ಕಾಣುತ್ತಿತ್ತು. ಬಿಳಿ ತೆರೆಯ ಸಾಲು, ಅದರಾಚೆ ಬಯಲು ಸಮುದ್ರ. ಸುಬ್ಬ ಹಡಗನ್ನು ನಿಧಾನಿಸಿ, ಹರಿವಿಗೆ ಮುಖ ಕೊಟ್ಟು, ಇದ್ದಲ್ಲೇ ಹಿಡಿದು ನಿಲ್ಲಿಸಿದ್ದ. ಐದು ನಿಮಿಷ ಹೋಯಿತು. ಏನಾಯಿತು, ಯಾಕೆ ನಿಂತಿತು, ಸೂರ್ಯ ಮುಳುಗಿಬಿಟ್ಟರೆ ದುಡ್ಡು ವಾಪಸು ಕೊಡುತ್ತೀರಾ ಎಂದು ಜನ ಎದ್ದರು. ಗುರುದತ್ತ ಬಾರಿನವನಿಗೆ ಏನೋ ಹೇಳಿ, ಗ್ಲಾಸು ಹಿಡಿದುಕೊಂಡು ಮೆಟ್ಟಿಲು ಹತ್ತಿದ. ಹಿಂದೆ ಹತ್ತು ಹದಿನೈದು ಜನ, ಕೈಯಲ್ಲಿ ಫೋನು. ಗಂಗಿ ಅವರನ್ನೆಲ್ಲ ಮೊಣಕೈಯಿಂದ ತಿವಿದು ದಾರಿ ಮಾಡಿಕೊಂಡು ಹೋಗುವಷ್ಟರಲ್ಲಿ ಅವನು ಚಾಲಕನ ಕೋಣೆಯೊಳಗಿದ್ದ.

“ಏನು ತಾಂಡೇಲರೇ!” ಗುರುದತ್ತನ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಕೆಟ್ಟದ್ದು, ನಗು ಇತ್ತು. “ಹೆಂಡತಿಯನ್ನು ಯಾಕೆ ಓಡಾಡಿಸಿದ್ದು? ನನಗೇ ಹೇಳಬಾರದಿತ್ತಾ? ನಿಮ್ಮವರಿಗೆ ಒಂದು ಗುಟುಕು ಬೀಳದೆ ಚಕ್ರ ತಿರುಗುವುದಿಲ್ಲ ಅಂತ ನಮ್ಮ ಅಜ್ಜನ ಕಾಲದಿಂದ ಗೊತ್ತಿದೆ. ತಗೊಳ್ಳಿ, ಲಾರ್ಜು. ಕಂಪನಿ ಕಡೆಯಿಂದ. ಜಟಗ ಅಂದರೂ ಅದೇ ಹೊಟ್ಟೆ ತಾನೆ?” ಎಂದು ಗ್ಲಾಸನ್ನು ಸುಬ್ಬನ ಮೂಗಿನ ಕೆಳಗೇ ಹಿಡಿದ. ಹಿಂದಿದ್ದವರು ಗೊಳ್ಳೆಂದು ನಕ್ಕರು. ನಾಲ್ಕೈದು ಫೋನು ಮೇಲೆದ್ದವು.

ಗಂಗಿಯ ಮೈಯೆಲ್ಲ ಬೆಂಕಿಯಾಯಿತು. “ಯಾರಿಗೆ ಹೇಳ್ತಿ ಆ ಮಾತು? ಏ, ಯಾರಿಗೆ? ಇಪ್ಪತ್ತಾರು ವರ್ಷ ಒಂದು ತೊಟ್ಟು ನಾಲಿಗೆಗೆ ತಾಗಿಸದ ಗಂಡಸು ಅವ! ಟೊಂಕದ ಕೇರಿಗೆ ಹೋಗಿ ಕೇಳು, ಮಕ್ಕಳ ಹತ್ರ ಕೇಳು! ನಿಮ್ಮ ಬಾರಿನಲ್ಲಿ ಹೊರಳ್ತಾ ಬಿದ್ದವ್ರನ್ನ ಸಾಹೇಬ್ರು ಅಂತ ಕರೆದು, ಬಿಟ್ಟವನ್ನ ಕುಡುಕ ಅಂತ್ಯಾ? ನಾಲಿಗೆಗೆ ಎಲುಬಿಲ್ಲ ಅಂತ ಎಂತ ಬೇಕಾದ್ರೂ...”

ಅಲ್ಲಿಗೆ ಅವಳ ಮಾತು ನಿಂತಿತು. ಅವಳ ಕಣ್ಣು ಗಂಡನ ಮೇಲೆ ಬಿದ್ದಿತ್ತು.

ಸುಬ್ಬ ಗುರುದತ್ತನನ್ನು ನೋಡುತ್ತಿರಲಿಲ್ಲ. ಅವನಿಗೆ ಬೈಗುಳ ಕೇಳಿಸಿರಲಿಲ್ಲ, ನಗೆಯೂ ಕೇಳಿಸಿರಲಿಲ್ಲ. ಅವನು ಗ್ಲಾಸು ನೋಡುತ್ತಿದ್ದ. ಮುಚ್ಚಿದ ಆ ಸಣ್ಣ ಕೋಣೆಯ ತುಂಬ ಬ್ರಾಂಡಿಯ ವಾಸನೆ ಹಬ್ಬಿತ್ತು. ಬಲಗೈ ಚಕ್ರ ಬಿಟ್ಟಿತ್ತು, ಸೊಂಟದ ಮಟ್ಟದಿಂದ ಎದೆಯ ಮಟ್ಟಕ್ಕೆ ಬಂದಿತ್ತು, ಬೆರಳು ಬಿಚ್ಚಿಕೊಂಡಿದ್ದವು. ಮದುವೆಯಾದ ಹೊಸತರಲ್ಲಿ ಸಂಜೆ ಹೊತ್ತು ಹೀಗೇ ಕೈ ಚಾಚುತ್ತಿದ್ದ. ಗಂಗಿಗೆ ಆ ಕೈಯ ಪರಿಚಯ ಇತ್ತು.

ಅವಳು ಗುರುದತ್ತನ ಮುಷ್ಟಿಯಿಂದ ಗ್ಲಾಸು ಕಿತ್ತುಕೊಂಡಳು. ಬದಿಯ ಕಿಟಕಿ ಸರಿಸಿ, ಬ್ರಾಂಡಿ ಸಮೇತ ಹೊಳೆಗೆ ಎಸೆದಳು. ಸೆರಗಿನಿಂದ ಗಂಡನ ಮೂಗು ಬಾಯಿ ಒರೆಸಿದಳು, ಚಿಕ್ಕ ಮಗುವಿನದ್ದು ಒರೆಸಿದ ಹಾಗೆ.

“ಗ್ಲಾಸು ಎಸೆಯುವುದಾ! ತಲೆ ಕೆಟ್ಟಿದೆಯಾ ನಿಮಗೆ?” ಎಂದು ಗುರುದತ್ತ ಕೂಗಿದ. ಆಮೇಲೆ ಜನ ಇರುವುದು ನೆನಪಾಗಿ ದನಿ ತಗ್ಗಿಸಿ, “ಆಯ್ತಲ್ಲ? ನಿಮ್ಮ ದೇವರಿಗೆ ಬಿತ್ತಲ್ಲ? ಪಾಲು ಸಂದಿತು. ಈಗ ದಾಟಿಸಿ” ಎಂದ.

ಸುಬ್ಬ ಟೊಪ್ಪಿ ತೆಗೆದು ಪಕ್ಕಕ್ಕಿಟ್ಟ. ಬಲಗೈಯನ್ನು ಎಲ್ಲರಿಗೂ ಕಾಣುವ ಹಾಗೆ ಮುಂದೆ ಚಾಚಿದ. ಕೈ ಗಾಳಿಗೆ ಸಿಕ್ಕ ಎಲೆಯ ಹಾಗೆ ಅಲುಗುತ್ತಿತ್ತು.

“ಇದ್ನ ನೋಡಿ ಸ್ವಾಮಿ. ಫೋನಲ್ಲೂ ಹಿಡ್ಕಣಿ, ಅಡ್ಡಿ ಇಲ್ಲ. ಜಟಗಂಗೆ ಬಿತ್ತು, ಸರಿ. ಆದ್ರೆ ಈ ಕೈಯಲ್ಲಿ ನಾ ಅಳಿವೆ ದಾಟಿಸೂದಿಲ್ಲ. ಹಿಂದೆ ಒಂದು ಸಲ ದಾಟಿಸಿ ಇವಳ ತಮ್ಮನ್ನ ಕೊಂದವ ನಾನು. ಅವತ್ತೂ ಕೈ ಹೀಂಗೇ ಇತ್ತು. ಇವತ್ತು ಮೇಲೆ ಕೆಳಗೆ ಎಪ್ಪತ್ತು ಜನ ಇದ್ದಾರೆ.”

ನಗು ನಿಂತಿತು. ಫೋನುಗಳು ಒಂದೊಂದಾಗಿ ಕೆಳಗಿಳಿದವು. ದಕ್ಕೆಯಲ್ಲಿ, ಈ ವಯಸ್ಸಲ್ಲಿ ಇವರಿಗೂ ಬೇಕಾ, ಅಂದಿದ್ದ ಹೆಂಗಸು ಗಂಡನ ತೋಳು ಹಿಡಿದುಕೊಂಡಳು.

“ಕುಡಿದಿಲ್ಲವಲ್ಲಾ ನೀನು! ಮತ್ತೆ ಎಂತಕ್ಕೆ ನಡುಗೂದು?” ಗುರುದತ್ತನ ಬಾಯಲ್ಲಿ ಈಗ ಕುಮಟೆಯ ಮಾತು ಬಂದಿತ್ತು. “ಸುಮ್ನೆ ದಾಟಿಸು. ಇಲ್ಲಾಂದ್ರೆ ನಾಳೆಯಿಂದ ಬರೂದು ಬೇಡ.”

“ಆತು, ಬರೂದಿಲ್ಲ” ಎಂದ ಸುಬ್ಬ. ಎಡಗೈಯಲ್ಲಿ ಚಕ್ರ ತಿರುಗಿಸತೊಡಗಿದ. ಬಿಳಿ ತೆರೆಯ ಸಾಲು ಕಿಟಕಿಯಿಂದ ಮೆಲ್ಲಗೆ ಸರಿದು ಹೋಯಿತು, ಹೊಳೆಯ ಒಳಭಾಗ ಎದುರಾಯಿತು.

ಗಂಗಿ ಗುರುದತ್ತನ ಎದೆಗೆ ಬೆರಳು ಚುಚ್ಚಿ ಅವನನ್ನು ಬಾಗಿಲಾಚೆಗೆ ನೂಕಿದಳು. ಕೂಗಲಿಲ್ಲ. ಮೂವತ್ತು ವರ್ಷದಲ್ಲಿ ಮೊದಲ ಸಲ ಸಿಟ್ಟು ಬಂದಾಗ ಅವಳ ದನಿ ಏಳಲಿಲ್ಲ. “ಕೆಲಸ ಹೋದದ್ದಕ್ಕೆ ನಂಗೆ ಬೇಜಾರಿಲ್ಲ. ಅವ ಮರೆತಿದ್ದ ಮಾರಾಯಾ. ವಾಸನೆ ಹ್ಯಾಂಗಿರ್ತದೆ ಅಂತ ಮರೆತಿದ್ದ. ನಿನ್ನ ಒಂದು ತಮಾಷೆಗೆ ನೀ ಅವಂಗೆ ನೆನಪು ಮಾಡಿ ಕೊಟ್ಟೆ. ಇನ್ನು ನಾಳೆಯಿಂದ ಪ್ರತಿ ಸಂಜೆ ಅದರ ಎದುರು ಕೂರೂದು ಯಾರು? ನೀ ಬತ್ಯಾ ಟೊಂಕಕ್ಕೆ? ನಿನ್ನ ಕಂಪನಿ ಬತ್ತದನಾ?”

ಗುರುದತ್ತ ಕೆಳಗಿಳಿದು ಹೋಗಿ, ಅಳಿವೆಯಲ್ಲಿ ತೆರೆ ಜಾಸ್ತಿ ಇರುವ ಕಾರಣ ಯಾತ್ರೆಯನ್ನು ಮೊಟಕುಗೊಳಿಸಲಾಗಿದೆ, ಎಲ್ಲರಿಗೂ ಬಾರಿನಲ್ಲಿ ಒಂದು ಪೆಗ್ಗು ಉಚಿತ ಎಂದು ಮೈಕಿನಲ್ಲಿ ಹೇಳಿದ. ಮೆಟ್ಟಿಲ ಮೇಲೆ ನಿಂತಿದ್ದವರು ಧಡಧಡ ಇಳಿದರು. ಕೆಳಗಿನಿಂದ ಗ್ಲಾಸುಗಳ ಸದ್ದು, ಹಾಡು, ನಗೆ ಮತ್ತೆ ಎದ್ದಿತು.

ಚಾಲಕನ ಕೋಣೆಯಲ್ಲಿ ಅವರಿಬ್ಬರೇ ಉಳಿದರು. ಗಂಗಿ ಉಳಿದ ಕಿಟಕಿಗಳನ್ನೆಲ್ಲ ತೆರೆದಳು. ಗಾಳಿ ಬಂತು, ವಾಸನೆ ಹೋಗಲಿಲ್ಲ. ಅದು ಕೆಳಗಿನಿಂದಲೇ ಬರುತ್ತಿತ್ತು. ಸುಬ್ಬನ ಹಣೆಯ ಮೇಲೆ ಬೆವರು ನಿಂತಿತ್ತು. ಅವನು ದಾರಿಯಿಂದ ಕಣ್ಣು ತೆಗೆಯಲಿಲ್ಲ.

“ಗಂಗಿ.”

“ಹೇಳು.”

“ನೀ ಒಂದು ಗಳಿಗೆ ತಡ ಮಾಡಿದ್ರೆ ನಾ ಕುಡೀತಿದ್ದೆ.”

“ಗೊತ್ತದೆ.”

“ದಕ್ಕೆ ಮುಟ್ಟೂವರೆಗೆ ಇಲ್ಲೇ ಇರು. ಬಾಗಿಲು ಬಿಟ್ಟು ಸರೀಬೇಡ. ನಾ ಎಂತ ಹೇಳಿದ್ರೂ, ನೀರು ಕುಡಿದು ಬತ್ತೆ ಅಂದ್ರೂ, ಬಿಡಬೇಡ. ಮೆಟ್ಟಿಲು ಇಳಿದ್ರೆ ಬಾರೇ ಅದೆ.”

ಗಂಗಿ ಬಾಗಿಲಿಗೆ ಬೆನ್ನು ಕೊಟ್ಟು, ಎರಡೂ ಕಡೆಯ ಚೌಕಟ್ಟಿಗೆ ಕೈ ಊರಿ ನಿಂತಳು.